ಪ್ರತಿದೀಪ್ತ ನ್ಯಾನೋಶೋಧಕಗಳು: ಕಿಣ್ವಚಟುವಟಿಕೆಯ ಸೂಕ್ಷ್ಮ ಮಾಪನ

ಪ್ರತಿದೀಪ್ತ ನ್ಯಾನೋಶೋಧಕ ಎಂಬುದು ಕಿಣ್ವವೊಂದು ತನ್ನ ಕೆಲಸ ಮಾಡಿದಾಗ ಹೊಳಪನ್ನೋ ಬಣ್ಣವನ್ನೋ ಬದಲಿಸಿ, ಆ ಕೆಲಸವನ್ನು ಅಳೆಯಬಹುದಾದ ಬೆಳಕಾಗಿ ತೋರಿಸುವ ಅತಿಸಣ್ಣ ರಚನೆ. ಇದರ ತಿರುಳಾಗಿ ಕ್ವಾಂಟಮ್ ಚುಕ್ಕೆ, ಚಿನ್ನದ ಕಣ, ಇಂಗಾಲದ ಚುಕ್ಕೆ, ವಿರಳಭಸ್ಮ ಧಾತುಗಳನ್ನು ಬೆರೆಸಿದ ಹರಳು, ಪಾಲಿಮರ್ ಇಲ್ಲವೇ ಡಿಎನ್‌ಎಯಿಂದ ಹೆಣೆದ ಚೌಕಟ್ಟು ಇರಬಹುದು. ಗಾತ್ರ ಬಹುಮಟ್ಟಿಗೆ 1ರಿಂದ 100 ನ್ಯಾನೋಮೀಟರ್ ಒಳಗೆ. ಈ ತಿರುಳಿನ ಮೇಲೆ ಕಿಣ್ವ ಗುರುತಿಸಿ ಕತ್ತರಿಸಬಲ್ಲ ಅಥವಾ ಮಾರ್ಪಡಿಸಬಲ್ಲ ಅಣುವನ್ನು (ಇದಕ್ಕೆ ಅಧಸ್ತರ ಎನ್ನುತ್ತಾರೆ), ಸಾಮಾನ್ಯವಾಗಿ ಕಿರುಪೆಪ್ಟೈಡನ್ನು, ಕಟ್ಟಿರುತ್ತಾರೆ. ಪೆಪ್ಟೈಡ್ ಅಖಂಡವಾಗಿರುವವರೆಗೆ ಬೆಳಕು ಅಡಗಿರುತ್ತದೆ, ಕತ್ತರಿಸಿದೊಡನೆ ಹೊರಬೀಳುತ್ತದೆ.

ಇಂಥ ಶೋಧಕದ ಸೂಕ್ಷ್ಮತೆಯನ್ನು ಹೆಚ್ಚಿಸುವುದೆಂದರೆ ಇನ್ನಷ್ಟು ಪ್ರಕಾಶಮಾನವಾದ ಕಣವನ್ನು ಹುಡುಕುವುದು ಎಂಬ ಭಾವನೆ ವ್ಯಾಪಕವಾಗಿದೆ. ಆದರೆ ಈ ಕ್ಷೇತ್ರದ ದೊಡ್ಡ ಲಾಭಗಳು ಹೆಚ್ಚಾಗಿ ಬಂದದ್ದು ಬೇರೆ ಎರಡು ಕಡೆಯಿಂದ. ಮೊದಲನೆಯದು, ಕಿಣ್ವ ಮುಟ್ಟುವ ತನಕ ಶೋಧಕವನ್ನು ನಿಜವಾಗಿಯೂ ಕತ್ತಲಲ್ಲಿ ಇರಿಸುವುದು. ಎರಡನೆಯದು, ಕಣದ ಮೇಲ್ಮೈಯಲ್ಲಿ ಕಿಣ್ವ ಸಲೀಸಾಗಿ ಕೆಲಸ ಮಾಡುವಂತೆ ನೋಡಿಕೊಳ್ಳುವುದು. ಹೊಳಪಿನ ಸ್ಥಾನ ಇವೆರಡರ ನಂತರ.

ಇರವು ಮತ್ತು ಕೆಲಸ

ರೋಗಪತ್ತೆಯಲ್ಲಿ ರೂಢಿಯಲ್ಲಿರುವ ಎಲೈಸಾದಂಥ ಪರೀಕ್ಷೆಗಳು ಪ್ರತಿಕಾಯಗಳ ನೆರವಿನಿಂದ ಪ್ರೋಟೀನಿನ ಪ್ರಮಾಣವನ್ನು ಎಣಿಸುತ್ತವೆ. ಕಿಣ್ವಗಳ ವಿಷಯದಲ್ಲಿ ಆ ಎಣಿಕೆಯೊಂದೇ ಸಾಲದು. ಅಂಗಾಂಶಗಳ ನಡುವಣ ಹಂದರವನ್ನು ಕರಗಿಸುವ ಮ್ಯಾಟ್ರಿಕ್ಸ್ ಮೆಟಲೋಪ್ರೋಟಿಯೇಸ್‌ಗಳು ಕ್ಯಾನ್ಸರ್ ಗಡ್ಡೆ ಹರಡುವಾಗ ಚುರುಕಾಗುತ್ತವೆ. ಆದರೆ ಅವು ಜೀವಕೋಶದಿಂದ ಹೊರಬರುವುದು ಸಾಮಾನ್ಯವಾಗಿ ನಿಷ್ಕ್ರಿಯ ಪೂರ್ವರೂಪದಲ್ಲಿ. ಸಕ್ರಿಯವಾದ ಮೇಲೂ ದೇಹದ ಪ್ರತಿರೋಧಕ ಪ್ರೋಟೀನುಗಳು ಅವುಗಳನ್ನು ಹಿಡಿದು ನಿಲ್ಲಿಸುತ್ತವೆ. ಜೀವಕೋಶದ ಸಾವನ್ನು ನಡೆಸಿಕೊಡುವ ಕ್ಯಾಸ್ಪೇಸ್-3 ಕೂಡ ಹಾಗೆಯೇ: ಆರೋಗ್ಯವಂತ ಕೋಶದಲ್ಲೂ ಅದರ ಪೂರ್ವರೂಪ ಇದ್ದೇ ಇರುತ್ತದೆ. ಪ್ರತಿಕಾಯವು ಮಲಗಿರುವ ಕಿಣ್ವವನ್ನೂ ದುಡಿಯುತ್ತಿರುವ ಕಿಣ್ವವನ್ನೂ ಒಟ್ಟಿಗೆ ಎಣಿಸಿಬಿಡಬಹುದು. ಕೆಲಸವನ್ನೇ ಅಳೆಯುವ ಶೋಧಕ ದುಡಿಯುತ್ತಿರುವುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಈ ಬಗೆಯ ಮಾಪನ ನಿತ್ಯಜೀವನಕ್ಕೆ ದೂರದ್ದೇನಲ್ಲ. ಹಸಿ ಹಾಲಿನಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಸಹಜವಾಗಿಯೇ ಇರುತ್ತದೆ. ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಪಾಶ್ಚೀಕರಿಸಿದಾಗ ಅದು ನಾಶವಾಗುತ್ತದೆ. ಆದ್ದರಿಂದ ಪಾಶ್ಚೀಕರಣ ಸರಿಯಾಗಿ ನಡೆದಿದೆಯೇ ಎಂದು ತಿಳಿಯಲು ಉಳಿದಿರುವ ಈ ಕಿಣ್ವದ ಚಟುವಟಿಕೆಯನ್ನು ಪ್ರತಿದೀಪ್ತಿಯಿಂದ ಅಳೆಯುತ್ತಾರೆ. ಯುರೋಪ್ ಮತ್ತು ಅಮೆರಿಕದಲ್ಲಿ ಲೀಟರಿಗೆ 350 ಮಿಲಿಯೂನಿಟ್ ಇದರ ಮಿತಿ. ಈ ಪರೀಕ್ಷೆಯಲ್ಲಿ ಬಳಸುವುದು ಸರಳ ಅಣುಗಳನ್ನೇ. ನ್ಯಾನೋಕಣಗಳ ಅಗತ್ಯ ಬರುವುದು ಅಳೆಯಬೇಕಾದ ಕಿಣ್ವ ಇದಕ್ಕಿಂತ ಎಷ್ಟೋ ವಿರಳವಾಗಿರುವಾಗ ಅಥವಾ ಅದು ರಕ್ತದಲ್ಲೋ ಜೀವಂತ ಅಂಗಾಂಶದಲ್ಲೋ ಹುದುಗಿರುವಾಗ.

ಬೆಳಕನ್ನು ಅಡಗಿಸುವ ತತ್ವ

ಹೆಚ್ಚಿನ ನ್ಯಾನೋಶೋಧಕಗಳು ಫರ್ಸ್ಟರ್ ಅನುರಣನ ಶಕ್ತಿವರ್ಗಾವಣೆ, ಸಂಕ್ಷೇಪದಲ್ಲಿ ಫ್ರೆಟ್, ಎಂಬ ವಿದ್ಯಮಾನವನ್ನು ಆಧರಿಸಿವೆ. ಜರ್ಮನಿಯ ಥಿಯೊಡೋರ್ ಫರ್ಸ್ಟರ್ 1940ರ ದಶಕದಲ್ಲಿ ಇದರ ಸಿದ್ಧಾಂತವನ್ನು ರೂಪಿಸಿದರು. ಉದ್ರೇಕಗೊಂಡ ದಾನಿ ಅಣುವೊಂದು ಬೆಳಕು ಸೂಸುವ ಬದಲು ತನ್ನ ಶಕ್ತಿಯನ್ನು ಹತ್ತಿರದ ಗ್ರಾಹಿಗೆ ದಾಟಿಸಿಬಿಡುತ್ತದೆ. ಈ ದಾಟುವಿಕೆ ಅಂತರದ ಆರನೆಯ ಘಾತಕ್ಕೆ ಬದ್ಧ. ಅರ್ಧದಷ್ಟು ಶಕ್ತಿ ದಾಟುವ ಅಂತರವನ್ನು ಫರ್ಸ್ಟರ್ ದೂರ ಎನ್ನುತ್ತಾರೆ. ಅದು ಸಾಮಾನ್ಯವಾಗಿ 2ರಿಂದ 6 ನ್ಯಾನೋಮೀಟರ್. ಅಂತರ ಇದರ ಅರ್ಧವಾದರೆ 98.5% ಶಕ್ತಿ ದಾಟುತ್ತದೆ, ಇಮ್ಮಡಿಯಾದರೆ ಸುಮಾರು 1.5% ಮಾತ್ರ. ಲ್ಯೂಬರ್ಟ್ ಸ್ಟ್ರಯರ್ ಮತ್ತು ರಿಚರ್ಡ್ ಹಾಗ್‌ಲ್ಯಾಂಡ್ 1967ರಲ್ಲಿ ಇದನ್ನು ಅಣುಮಟ್ಟದ ಅಳತೆಗೋಲಾಗಿ ಬಳಸಿ ತೋರಿಸಿದರು.

ಕಿಣ್ವಗಳ ಅಧ್ಯಯನಕ್ಕೆ ಈ ತತ್ವ ಹೊಂದಿಕೊಂಡ ಒಂದು ಮುಖ್ಯ ಸಂದರ್ಭ 1990ರದು. ಎಚ್‌ಐವಿ ವೈರಾಣುವಿನ ಪ್ರೋಟಿಯೇಸನ್ನು ತಡೆಯುವ ಔಷಧಗಳಿಗೆ ಹುಡುಕಾಟ ನಡೆದಿದ್ದ ಹೊತ್ತಿನಲ್ಲಿ, ಪೆಪ್ಟೈಡಿನ ಒಂದು ತುದಿಗೆ ಎಡಾನ್ಸ್ ಎಂಬ ದೀಪ್ತ ಅಣುವನ್ನೂ ಇನ್ನೊಂದು ತುದಿಗೆ ಡ್ಯಾಬ್ಸಿಲ್ ಎಂಬ ದೀಪ್ತಿಶಾಮಕವನ್ನೂ ಕಟ್ಟಿದ ಅಧಸ್ತರ ಪ್ರಕಟವಾಯಿತು. ಪ್ರೋಟಿಯೇಸ್ ನಡುವೆ ಕತ್ತರಿಸಿದಾಗ ಎರಡೂ ತುದಿಗಳು ದೂರವಾಗಿ ಬೆಳಕು ಮೂಡುತ್ತಿತ್ತು. ಮಾದರಿಗಳನ್ನು ಬೇರ್ಪಡಿಸಿ ವಿಶ್ಲೇಷಿಸುವ ಶ್ರಮವಿಲ್ಲದೆ, ಕ್ರಿಯೆ ನಡೆಯುತ್ತಿರುವಂತೆಯೇ ಅದನ್ನು ನೋಡುವುದು ಇದರಿಂದ ಸಾಧ್ಯವಾಯಿತು.

ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ರಾಲ್ಫ್ ವೈಸ್‌ಲೆಡರ್ ಮತ್ತು ಸಂಗಡಿಗರು 1999ರಲ್ಲಿ ಇದನ್ನು ಜೀವಂತ ಇಲಿಗಳೊಳಗೆ ಒಯ್ದರು. ಪಾಲಿಲೈಸಿನ್ ಎಂಬ ಉದ್ದ ಸರಪಳಿಯ ಮೇಲೆ ಸಿವೈ5.5 ಎಂಬ ಅವಕೆಂಪು ಬಣ್ಣಕವನ್ನು ಒತ್ತೊತ್ತಾಗಿ ಕೂರಿಸಿದಾಗ ಬಣ್ಣಕದ ಅಣುಗಳು ಪರಸ್ಪರ ಬೆಳಕನ್ನು ಆರಿಸಿಕೊಂಡವು. ಗಡ್ಡೆಯ ಪ್ರೋಟಿಯೇಸ್‌ಗಳು ಸರಪಳಿಯನ್ನು ತುಂಡರಿಸಿದಾಗ ಬೆಳಕು 12 ಪಟ್ಟು ಏರಿತು. ಒಂದು ಮಿಲಿಮೀಟರಿಗಿಂತ ಸಣ್ಣ ಗಡ್ಡೆಗಳೂ ಕಂಡವು. ಪ್ರತ್ಯೇಕ ದೀಪ್ತಿಶಾಮಕವೇ ಇಲ್ಲದ ಈ ರಚನೆಯನ್ನು ಇಂದಿನ ನ್ಯಾನೋಶೋಧಕಗಳ ಪೂರ್ವಜನೆಂದು ಕರೆಯುವುದು ಸರಿಯಾಗುತ್ತದೆ.

ಸೂಕ್ಷ್ಮತೆಯ ಲೆಕ್ಕ

ಸೂಕ್ಷ್ಮತೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದನ್ನು ಒಂದು ಸಣ್ಣ ಲೆಕ್ಕ ಎಷ್ಟೋ ವಿವರಣೆಗಿಂತ ಚೆನ್ನಾಗಿ ತೋರಿಸುತ್ತದೆ. ಲಿಯೊನೋರ್ ಮಿಕಾಯೆಲಿಸ್ ಮತ್ತು ಮಾಡ್ ಮೆಂಟನ್ 1913ರಲ್ಲಿ ಮಂಡಿಸಿದ ಸಮೀಕರಣದ ಪ್ರಕಾರ, ಅಧಸ್ತರ ಕಡಿಮೆಯಿರುವಾಗ ಪ್ರತಿ ಸೆಕೆಂಡಿಗೆ ಕತ್ತರಿಸಿಹೋಗುವ ಪಾಲು ಎರಡು ಅಂಶಗಳ ಗುಣಲಬ್ಧ: ಕಿಣ್ವದ ಸಾಂದ್ರತೆ, ಮತ್ತು ಆ ಅಧಸ್ತರದ ಮೇಲೆ ಕಿಣ್ವಕ್ಕಿರುವ ದಕ್ಷತೆ. ಕಿಣ್ವ 1 ಪಿಕೊಮೋಲಾರ್ ಇದೆ, ದಕ್ಷತೆ ಮೋಲಾರಿಗೆ ಸೆಕೆಂಡಿಗೆ 1 ಲಕ್ಷ ಎಂದಿಟ್ಟುಕೊಳ್ಳೋಣ. ಪೆಪ್ಟೈಡುಗಳ ಮಟ್ಟಿಗೆ ಇದು ಒಳ್ಳೆಯ ದಕ್ಷತೆಯೇ. ಆಗ ಪ್ರತಿ ಸೆಕೆಂಡಿಗೆ ಪೆಪ್ಟೈಡುಗಳಲ್ಲಿ ಕೋಟಿಗೊಂದು ಕತ್ತರಿಸಿಹೋಗುತ್ತದೆ. ಒಂದು ಗಂಟೆ ಕಾದರೂ ಕತ್ತರಿಸಿದ ಪಾಲು 0.036% ಮಾತ್ರ.

ಈಗ ಶೋಧಕದ ಬೆಳಕು 95% ಆರಿದೆ ಎನ್ನೋಣ. ಉಳಿಕೆ ಹೊಳಪು 5%. ಅದರ ಮೇಲೆ 0.036% ಸೇರಿದರೆ ಏರಿಕೆ ಮೂಲದ 0.7%ನಷ್ಟು; ಉಪಕರಣದ ಸಹಜ ಏರಿಳಿತದಲ್ಲಿ ಅದು ಕಳೆದುಹೋಗುತ್ತದೆ. 99% ಆರಿದ್ದರೆ ಏರಿಕೆ 3.6%. ಆರುವಿಕೆ 99.9% ತಲುಪಿದರೆ ಏರಿಕೆ 36% ಆಗಿ ಯಾರ ಕಣ್ಣಿಗೂ ಬೀಳುತ್ತದೆ. ಇಡೀ ಲೆಕ್ಕದಲ್ಲಿ ಕಣದ ಹೊಳಪಿನ ಮಾತೇ ಬರಲಿಲ್ಲ. ಹೊಳಪು ಇಮ್ಮಡಿಯಾದರೆ ಉಳಿಕೆ ಹೊಳಪೂ ಇಮ್ಮಡಿಯಾಗುತ್ತದೆ, ಅನುಪಾತ ಇದ್ದಲ್ಲೇ ಇರುತ್ತದೆ. ಹಗಲಿನಲ್ಲಿ ನಕ್ಷತ್ರ ಕಾಣದಿರುವುದಕ್ಕೆ ಕಾರಣ ನಕ್ಷತ್ರದ ಮಂಕುತನವಲ್ಲವಷ್ಟೆ. ಹಾಗೆಂದು ಹೊಳಪು ನಿರುಪಯುಕ್ತವಲ್ಲ. ಹಿನ್ನೆಲೆಯ ಬೆಳಕು ಶೋಧಕದಿಂದಲ್ಲದೆ ಮಾದರಿಯಿಂದಲೇ ಬರುತ್ತಿದ್ದರೆ ಹೊಳಪುಳ್ಳ ಕಣ ಅದನ್ನು ಮೀರಿ ನಿಲ್ಲುತ್ತದೆ. ಫೋಟಾನುಗಳ ಎಣಿಕೆ ಹೆಚ್ಚಿದಂತೆ ಅಳತೆಯ ನಿಖರತೆಯೂ ಸುಧಾರಿಸುತ್ತದೆ.

ಲೆಕ್ಕ ಇನ್ನೊಂದನ್ನೂ ಹೇಳುತ್ತದೆ. ದಕ್ಷತೆಯನ್ನು ಹತ್ತು ಪಟ್ಟು ಹೆಚ್ಚಿಸಿದರೂ ಸಿಗುವ ಲಾಭ ಹತ್ತು ಪಟ್ಟು. ಬೆಳಕನ್ನು ಆರಿಸುವ ಭೌತವಿಜ್ಞಾನ ಮತ್ತು ಕಿಣ್ವವನ್ನು ಒಲಿಸಿಕೊಳ್ಳುವ ಜೀವರಸಾಯನ ಇಲ್ಲಿ ಸಮಾನ ಪಾಲುದಾರರು.

ಕತ್ತಲನ್ನು ಗಾಢವಾಗಿಸುವ ಬಗೆಗಳು

ಸಾಂಪ್ರದಾಯಿಕ ದೀಪ್ತಿಶಾಮಕ ಅಣುಗಳಿಗೆ ಎರಡು ಮಿತಿಗಳಿವೆ: ಒಂದೊಂದೂ ನಿರ್ದಿಷ್ಟ ಬಣ್ಣದ ಬೆಳಕನ್ನಷ್ಟೇ ನುಂಗುತ್ತದೆ, ಅದೂ ಕೆಲವೇ ನ್ಯಾನೋಮೀಟರ್ ಒಳಗೆ. ಚಿನ್ನದ ನ್ಯಾನೋಕಣ ಈ ಎರಡನ್ನೂ ದಾಟಿತು. ಲೋಹದ ಮೇಲ್ಮೈಗೆ ಶಕ್ತಿ ದಾಟುವಾಗ ಅದು ಅಂತರದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ ಎಂದು 2005ರ ಸುಮಾರಿಗೆ ಪ್ರಯೋಗಗಳು ತೋರಿಸಿದವು. ಹಾಗಾಗಿ ಅದರ ಪ್ರಭಾವ ಫ್ರೆಟ್‌ಗಿಂತ ದೂರದವರೆಗೆ ಚಾಚುತ್ತದೆ, ಉದ್ದನೆಯ ಪೆಪ್ಟೈಡುಗಳಿಗೂ ಒದಗುತ್ತದೆ. ಅದಕ್ಕೂ ಮೊದಲು, 2001ರಲ್ಲಿ, ಬೆನುವಾ ದ್ಯುಬರ್ತ್ರೆ ಮತ್ತು ಸಂಗಡಿಗರು ಡಿಎನ್‌ಎ ಪತ್ತೆಯಲ್ಲಿ 1.4 ನ್ಯಾನೋಮೀಟರಿನ ಚಿನ್ನದ ಕಣವನ್ನು ಬಳಸಿ, ಅದು ಕೆಲವು ಬಣ್ಣಕಗಳನ್ನು ಡ್ಯಾಬ್ಸಿಲ್‌ಗಿಂತ 100 ಪಟ್ಟಿನವರೆಗೂ ಚೆನ್ನಾಗಿ ಆರಿಸುತ್ತದೆಂದು ತೋರಿಸಿದ್ದರು.

ಆದರೆ ಚಿನ್ನವಿದ್ದ ಮಾತ್ರಕ್ಕೆ ಕತ್ತಲು ಬರುವುದಿಲ್ಲ. ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ ಕ್ವಾಂಟಮ್ ಚುಕ್ಕೆಗೆ ಪೆಪ್ಟೈಡಿನ ಮೂಲಕ ಚಿನ್ನದ ಕಣಗಳನ್ನು ಕಟ್ಟಿದಾಗ ಬೆಳಕು 71% ತಗ್ಗಿತು. ಕೊಲಾಜಿನೇಸ್ ಕಿಣ್ವದೊಡನೆ 47 ಗಂಟೆ ಇಟ್ಟ ಮೇಲೆ ಹೊಳಪು 52% ಏರಿತು. ತತ್ವ ಸಾಬೀತಾಯಿತು, ಉಳಿಕೆ ಹೊಳಪು 29% ಇರುವಾಗ ವಿರಳ ಕಿಣ್ವವನ್ನು ಹಿಡಿಯುವುದು ಆಗದೆಂಬುದೂ ತಿಳಿಯಿತು. ಜೋಡಣೆಯನ್ನು ತಿರುವುಮುರುವಾಗಿಸಿದ್ದು ಹೆಚ್ಚು ಫಲ ಕೊಟ್ಟಿತು. ನಡುವೆ ಚಿನ್ನ, ಸುತ್ತ ಪೆಪ್ಟೈಡಿನ ತುದಿಯಲ್ಲಿ ಹತ್ತಾರು ಬಣ್ಣಕದ ಅಣುಗಳು. ದಕ್ಷಿಣ ಕೊರಿಯಾದ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ಗುಂಪು 2008ರಲ್ಲಿ ಮ್ಯಾಟ್ರಿಕ್ಸ್ ಮೆಟಲೋಪ್ರೋಟಿಯೇಸ್‌ಗಾಗಿ ಇಂಥ ಅವಕೆಂಪು ಶೋಧಕವನ್ನು ಪ್ರಕಟಿಸಿತು.

ಈ ತಿರುವುಮುರುವಿನ ಮಹತ್ವವನ್ನು ಬಿಡಿಸಿ ನೋಡಬೇಕು. ನಡುವೆ ಒಂದು ದಾನಿ, ಸುತ್ತ ಹಲವು ಗ್ರಾಹಿಗಳು ಇದ್ದಾಗ, ಫರ್ಸ್ಟರ್ ದೂರದಲ್ಲಿ ಕುಳಿತ ಒಂದು ಗ್ರಾಹಿ 50% ಬೆಳಕನ್ನು ಆರಿಸುತ್ತದೆ, ನಾಲ್ಕು ಸೇರಿ 80%, ಒಂಬತ್ತು ಸೇರಿ 90%. ಕತ್ತಲು ಹೆಚ್ಚಿತು, ನಿಜ. ಆದರೆ ಒಂಬತ್ತರಲ್ಲಿ ಒಂದನ್ನು ಕಿಣ್ವ ಕತ್ತರಿಸಿದರೆ ದಾನಿಯ ಹೊಳಪು 10%ರಿಂದ 11.1%ಕ್ಕೆ ಮಾತ್ರ ಏರುತ್ತದೆ. ಉಳಿದ ಎಂಟು ಗ್ರಾಹಿಗಳು ಇನ್ನೂ ಕಾವಲು ಕೂತಿರುತ್ತವೆ. ಸುತ್ತ ಬಣ್ಣಕ, ನಡುವೆ ಶಾಮಕ ಇರುವ ರಚನೆಯಲ್ಲಿ ಹಾಗಲ್ಲ. ಪ್ರತಿಯೊಂದು ಕತ್ತರಿಕೆಯೂ ಒಂದು ಪೂರ್ತಿ ಬಣ್ಣಕದ ಅಣುವನ್ನು ಬಿಡುಗಡೆ ಮಾಡುತ್ತದೆ. ಕ್ವಾಂಟಮ್ ಚುಕ್ಕೆಗಳನ್ನೇ ಬಳಸುವವರು ಇದೇ ಕಾರಣಕ್ಕೆ ಕಣಕ್ಕೆಷ್ಟು ಪೆಪ್ಟೈಡ್ ಎಂಬುದನ್ನು ಎಚ್ಚರದಿಂದ ನಿಗದಿಮಾಡುತ್ತಾರೆ. ವಾಷಿಂಗ್ಟನ್ನಿನ ನೌಕಾ ಸಂಶೋಧನಾಲಯದಲ್ಲಿ ಇಗೋರ್ ಮೆಡಿಂಟ್ಸ್ ಮತ್ತು ಸಂಗಡಿಗರು 2006ರಲ್ಲಿ ಪೆಪ್ಟೈಡಿನ ತುದಿಗೆ ಹಿಸ್ಟಿಡಿನ್ ಸಾಲನ್ನು ಸೇರಿಸಿ, ಅದು ಕ್ವಾಂಟಮ್ ಚುಕ್ಕೆಯ ಸತು ಸಲ್ಫೈಡ್ ಹೊದಿಕೆಗೆ ತಾನಾಗಿ ಅಂಟಿಕೊಳ್ಳುವಂತೆ ಮಾಡಿದರು. ಬೆರೆಸುವ ಪ್ರಮಾಣದಿಂದಲೇ ಕಣವೊಂದಕ್ಕೆ ಕೂರುವ ಪೆಪ್ಟೈಡುಗಳ ಸರಾಸರಿ ಸಂಖ್ಯೆಯನ್ನು ನಿಯಂತ್ರಿಸಬಹುದಾಯಿತು. ಕ್ಯಾಸ್ಪೇಸ್-1, ಥ್ರೋಂಬಿನ್, ಕೊಲಾಜಿನೇಸ್, ಕೈಮೋಟ್ರಿಪ್ಸಿನ್ ಈ ನಾಲ್ಕನ್ನೂ ಆ ವಿಧಾನದಿಂದ ಅಳೆದರು.

ಕ್ವಾಂಟಮ್ ಚುಕ್ಕೆಗಳ ಹೊದಿಕೆಯೂ ಲೆಕ್ಕಕ್ಕೆ ಬರುತ್ತದೆ. ದಪ್ಪನೆಯ ಪಾಲಿಮರ್ ಪದರ ಕಣವನ್ನು ಸ್ಥಿರಗೊಳಿಸಿದರೂ ದಾನಿ ಮತ್ತು ಗ್ರಾಹಿಗಳನ್ನು ದೂರ ತಳ್ಳಿ ಶಕ್ತಿವರ್ಗಾವಣೆಯನ್ನು ಕುಂದಿಸುತ್ತದೆ. ಡೈಹೈಡ್ರೊಲಿಪೊಯಿಕ್ ಆಮ್ಲದಂಥ ಚಿಕ್ಕ ಅಣುಗಳ ತೆಳು ಹೊದಿಕೆಗೆ ಈ ಕಾರಣದಿಂದ ಬೆಲೆ. ಇದಕ್ಕಿಂತಲೂ ಸರಳವಾದ, ಹಾಗಾಗಿಯೇ ಅಲಕ್ಷ್ಯಕ್ಕೆ ಒಳಗಾಗುವ ಮಾತೊಂದಿದೆ: ಕಣಕ್ಕೆ ಅಂಟದೆ ದ್ರಾವಣದಲ್ಲೇ ಉಳಿದ ಬಣ್ಣಕವನ್ನು ಪೂರ್ತಿ ತೊಳೆದು ತೆಗೆಯುವುದು. ಅಂಥ ಬಿಡಿ ಬಣ್ಣಕ ನೂರಕ್ಕೆ ಒಂದರಷ್ಟಿದ್ದರೂ ಆರುವಿಕೆ 99% ದಾಟಲಾರದು.

ಮಾದರಿಯ ಸ್ವಂತ ಬೆಳಕು

ಶೋಧಕ ಕತ್ತಲಾದರೆ ಸಾಲದು, ಅದು ಇರುವ ಪರಿಸರವೂ ಕತ್ತಲಾಗಬೇಕು. ಜೀವಕೋಶದ ಎನ್‌ಎಡಿಎಚ್ ನೀಲಿ ಬೆಳಕನ್ನೂ ಫ್ಲಾವಿನ್‌ಗಳು ಹಸಿರು ಬೆಳಕನ್ನೂ ಸೂಸುತ್ತವೆ. ಹೀಮೊಗ್ಲೋಬಿನ್ ಗೋಚರ ಬೆಳಕನ್ನು ನುಂಗುತ್ತದೆ. ಶುದ್ಧ ನೀರು ಕೂಡ ಸುಮ್ಮನಿರುವುದಿಲ್ಲ. ಸಿ. ವಿ. ರಾಮನ್ 1928ರಲ್ಲಿ ಕೊಲ್ಕತ್ತಾದಲ್ಲಿ ಕಂಡುಹಿಡಿದ ಚದುರಿಕೆಯಿಂದಾಗಿ, 350 ನ್ಯಾನೋಮೀಟರಿನ ಬೆಳಕು ಬಿದ್ದ ನೀರಿನಿಂದ 397 ನ್ಯಾನೋಮೀಟರಿನ ಬಳಿ ಒಂದು ಸಣ್ಣ ಶಿಖರ ಏಳುತ್ತದೆ. ಪ್ರತಿದೀಪ್ತಿಮಾಪಕಗಳ ತಯಾರಕರು ತಮ್ಮ ಉಪಕರಣ ಎಷ್ಟು ಸೂಕ್ಷ್ಮವೆಂದು ಹೇಳಿಕೊಳ್ಳುವುದು ಇದೇ ನೀರಿನ ರಾಮನ್ ಶಿಖರವನ್ನು ಅಳೆದು. ಮುಂದೆ 1933ರಿಂದ ಬೆಂಗಳೂರಿನಲ್ಲೇ ನೆಲೆಸಿದ ರಾಮನ್ನರ ಹೆಸರು ಜಗತ್ತಿನ ಪ್ರತಿದೀಪ್ತಿ ಪ್ರಯೋಗಾಲಯಗಳಲ್ಲಿ ಈ ರೀತಿಯಲ್ಲೂ ನಿತ್ಯ ಬಳಕೆಯಲ್ಲಿದೆ.

ಈ ಹಿನ್ನೆಲೆಯನ್ನು ತಪ್ಪಿಸಿಕೊಳ್ಳಲು ಮೊದಲ ದಾರಿ ತರಂಗದೂರದ ಆಯ್ಕೆ. 650ರಿಂದ 900 ನ್ಯಾನೋಮೀಟರ್ ನಡುವಣ ಸಮೀಪ ಅವಕೆಂಪು ಬೆಳಕನ್ನು ಅಂಗಾಂಶಗಳು ಕಡಿಮೆ ಹೀರುತ್ತವೆ. 1000 ನ್ಯಾನೋಮೀಟರ್ ದಾಟಿದ ಮೇಲೆ ಚದುರಿಕೆಯೂ ಸ್ವಂತ ಬೆಳಕೂ ಇನ್ನಷ್ಟು ತಗ್ಗುತ್ತವೆ; ಇಂಗಾಲದ ನ್ಯಾನೋನಳಿಗೆಗಳು, ಬೆಳ್ಳಿಯ ಸಲ್ಫೈಡಿನ ಕ್ವಾಂಟಮ್ ಚುಕ್ಕೆಗಳು ಅಲ್ಲಿ ಬೆಳಗುತ್ತವೆ.

ಎರಡನೆಯದು ಸಮಯದ ಆಯ್ಕೆ. ಮಾದರಿಯ ಸ್ವಂತ ಬೆಳಕು ಕೆಲವು ನ್ಯಾನೋಸೆಕೆಂಡುಗಳಲ್ಲಿ ನಂದಿಹೋಗುತ್ತದೆ. ಟರ್ಬಿಯಮ್, ಯುರೋಪಿಯಮ್ ಸಂಯುಕ್ತಗಳ ಬೆಳಕು ಮಿಲಿಸೆಕೆಂಡಿನ ಪ್ರಮಾಣದಲ್ಲಿ ಉಳಿಯುತ್ತದೆ. ಸ್ಪಂದ ಹಾಯಿಸಿ, ಸ್ವಲ್ಪ ತಡೆದು, ಆನಂತರ ಎಣಿಸಲು ಆರಂಭಿಸಿದರೆ ಹಿನ್ನೆಲೆ ಬಹುಪಾಲು ಮಾಯವಾಗಿರುತ್ತದೆ. ಉಪಾಯ ಸೊಗಸಾದದ್ದು, ಆದರೆ ವಿಶೇಷ ಉಪಕರಣ ಬೇಕು.

ಮೂರನೆಯದು ಮೇಲ್ಪರಿವರ್ತಕ ಕಣಗಳು. ಸೋಡಿಯಮ್ ಇಟ್ರಿಯಮ್ ಫ್ಲೋರೈಡ್ ಹರಳಿಗೆ ಇಟರ್ಬಿಯಮ್ ಮತ್ತು ಎರ್ಬಿಯಮ್ ಬೆರೆಸಿದರೆ ಅದು 980 ನ್ಯಾನೋಮೀಟರಿನ ಕಾಣದ ಬೆಳಕನ್ನು ಹೀರಿ ಹಸಿರು ಮತ್ತು ಕೆಂಪು ಬೆಳಕನ್ನು ಸೂಸುತ್ತದೆ. ಕಡಿಮೆ ಶಕ್ತಿಯ ಬೆಳಕಿನಿಂದ ಹೆಚ್ಚು ಶಕ್ತಿಯ ಬೆಳಕನ್ನು ಹೀಗೆ ಹೊರಡಿಸುವ ಸಾಮರ್ಥ್ಯ ಅಂಗಾಂಶದ ಅಣುಗಳಿಗೆ ಇಲ್ಲದಿರುವುದರಿಂದ ಹಿನ್ನೆಲೆ ಶೂನ್ಯಕ್ಕೆ ಹತ್ತಿರ. ಆದರೆ ಸಣ್ಣ ಕಣಗಳಲ್ಲಿ ಪರಿವರ್ತನೆಯ ಇಳುವರಿ ಹಲವೊಮ್ಮೆ 1% ಕೂಡ ಮುಟ್ಟುವುದಿಲ್ಲ. ಮೇಲ್ಮೈಗೆ ಹತ್ತಿರದ ಅಯಾನುಗಳಷ್ಟೇ ಗ್ರಾಹಿಗೆ ಶಕ್ತಿ ದಾಟಿಸಬಲ್ಲವು, ಒಳಗಿನವು ಆರದೆ ಉರಿಯುತ್ತಲೇ ಇರುತ್ತವೆ. ದೀಪ್ತ ಅಯಾನುಗಳನ್ನು ಹೊರಪದರದ ಬಳಿಗೆ ಸೀಮಿತಗೊಳಿಸುವುದು ಇದಕ್ಕೆ ಕಂಡುಕೊಂಡ ಪರಿಹಾರ. 980 ನ್ಯಾನೋಮೀಟರಿನ ಬೆಳಕನ್ನು ನೀರೂ ಹೀರಿ ಬಿಸಿಯಾಗುವುದರಿಂದ ನಿಯೋಡಿಮಿಯಮ್ ಬೆರೆಸಿ 808 ನ್ಯಾನೋಮೀಟರಿಗೆ ಬದಲಾಯಿಸಿಕೊಳ್ಳುವುದೂ ರೂಢಿಗೆ ಬಂದಿದೆ.

ಕಿಣ್ವಕ್ಕೆ ದಾರಿ

ಭೌತವಿಜ್ಞಾನದ ಕಡೆಯಿಂದ ಬಂದವರು ಅವಸರದಲ್ಲಿ ದಾಟಿಹೋಗುವ ಭಾಗ ಇದು. ದ್ರಾವಣದಲ್ಲಿ ಸ್ವತಂತ್ರವಾಗಿ ತೇಲುವ ಪೆಪ್ಟೈಡನ್ನು ಸಲೀಸಾಗಿ ಕತ್ತರಿಸುವ ಕಿಣ್ವ, ಅದೇ ಪೆಪ್ಟೈಡ್ ಕಣದ ಮೇಲೆ ಒತ್ತೊತ್ತಾಗಿ ನಿಂತಾಗ ಅದನ್ನು ತಲುಪಲಾರದೆ ಹೋಗಬಹುದು. ಕಿಣ್ವವೇ ಹಲವು ನ್ಯಾನೋಮೀಟರ್ ಅಗಲದ ಪ್ರೋಟೀನು. ಅದರ ಕತ್ತರಿಸುವ ಸಂದಿ ಪೆಪ್ಟೈಡನ್ನು ಎರಡೂ ಬದಿಯಿಂದ ಹಿಡಿಯಬೇಕು. ಅದಕ್ಕಾಗಿ ಕಣಕ್ಕೂ ಗುರುತಿನ ಸಾಲಿಗೂ ನಡುವೆ ನಮ್ಯವಾದ ಕೊಂಡಿ ಸೇರಿಸುತ್ತಾರೆ. ಕೊಂಡಿ ಉದ್ದವಾದಷ್ಟೂ ಕಿಣ್ವಕ್ಕೆ ಅನುಕೂಲ, ಬೆಳಕನ್ನು ಆರಿಸಲು ಪ್ರತಿಕೂಲ. ಒಳ್ಳೆಯ ಶೋಧಕವೆಲ್ಲ ಈ ಎರಡರ ನಡುವೆ ಕುದುರಿಸಿಕೊಂಡ ಒಪ್ಪಂದ.

ಮೇಲ್ಮೈ ಯಾವಾಗಲೂ ಅಡ್ಡಿಯೇ ಆಗಬೇಕೆಂದಿಲ್ಲ. ಮೆಡಿಂಟ್ಸ್ ಮತ್ತು ಕೆನಡಾದ ರಸ್ ಆಲ್ಗರ್ ಮೊದಲಾದವರ ಅಧ್ಯಯನಗಳಲ್ಲಿ ಟ್ರಿಪ್ಸಿನ್‌ನಂಥ ಕಿಣ್ವಗಳು ಕ್ವಾಂಟಮ್ ಚುಕ್ಕೆಗೆ ಮೆಲ್ಲಗೆ ಅಂಟಿಕೊಂಡು, ಒಂದೇ ಕಣದ ಮೇಲಿನ ಪೆಪ್ಟೈಡುಗಳನ್ನು ಸಾಲಾಗಿ ಕತ್ತರಿಸಿ ಮುಂದಿನ ಕಣಕ್ಕೆ ಹಾರುವುದು ಕಂಡುಬಂತು. ಹೊದಿಕೆಯ ವಿದ್ಯುದಾವೇಶವನ್ನು ಬದಲಾಯಿಸಿದರೆ ಈ ಅಂಟುವಿಕೆಯೂ ಬದಲಾಗುತ್ತದೆ. ಅಂಟು ಅತಿಯಾದರೆ ಕಿಣ್ವ ಅಲ್ಲೇ ಸಿಕ್ಕಿಬೀಳುತ್ತದೆ.

ಅಧಸ್ತರದ ಆಯ್ಕೆಯಲ್ಲಿ ಸಿಗುವ ಲಾಭ ಇನ್ನೂ ದೊಡ್ಡದು. ಕ್ಯಾಸ್ಪೇಸ್-3ಕ್ಕೆ ಆಸ್ಪಾರ್ಟಿಕ್ ಆಮ್ಲ, ಗ್ಲುಟಾಮಿಕ್ ಆಮ್ಲ, ವ್ಯಾಲಿನ್, ಆಸ್ಪಾರ್ಟಿಕ್ ಆಮ್ಲ ಎಂಬ ನಾಲ್ಕರ ಸಾಲು ಬಹುಕಾಲದಿಂದ ಬಳಕೆಯಲ್ಲಿದೆ. ನಿಸರ್ಗದ 20 ಅಮೈನೋ ಆಮ್ಲಗಳಿಗೇ ಅಂಟಿಕೊಳ್ಳಬೇಕಿಲ್ಲವೆಂದು ಪೋಲೆಂಡಿನ ವ್ರೊಟ್ಸ್ವಾಫ್‌ನ ಸಂಶೋಧಕರು ಮತ್ತು ಅವರ ಸಹಯೋಗಿಗಳು ತೋರಿಸಿಕೊಟ್ಟರು. ಕೃತಕ ಅಮೈನೋ ಆಮ್ಲಗಳನ್ನೂ ಸೇರಿಸಿದ ಪೆಪ್ಟೈಡ್ ಸಂಗ್ರಹವನ್ನು ಜಾಲಾಡಿ, 2014ರಲ್ಲಿ ಅವರು ಮನುಷ್ಯರ ನ್ಯೂಟ್ರೊಫಿಲ್ ಇಲಾಸ್ಟೇಸ್ ಕಿಣ್ವಕ್ಕೆ ಅಸಾಧಾರಣ ದಕ್ಷತೆಯ ಅಧಸ್ತರಗಳನ್ನು ಪಡೆದರು. ಒಂದೇ ಕುಟುಂಬದ ಕಿಣ್ವಗಳು ಪರಸ್ಪರರ ಪೆಪ್ಟೈಡನ್ನು ಕತ್ತರಿಸುವ ತೊಡಕೂ ಇದರಿಂದ ಕಡಿಮೆಯಾಗುತ್ತದೆ. ಹೊಸ ಕಣಕ್ಕೆ ಸುರಿಯುವ ಶ್ರಮದ ಅರ್ಧವನ್ನಾದರೂ ಹೊಸ ಅಧಸ್ತರಕ್ಕೆ ಮೀಸಲಿಡುವುದು ವಿವೇಕ.

ವರ್ಧನೆಯ ಮಾರ್ಗಗಳು

ಲೋಹ ಬೆಳಕನ್ನು ಆರಿಸುವುದಷ್ಟೇ ಅಲ್ಲ, ಸರಿಯಾದ ಅಂತರದಲ್ಲಿ ಹೆಚ್ಚಿಸಬಲ್ಲದು ಕೂಡ. ಡಿಎನ್‌ಎ ಹೆಣಿಗೆಯ ಮೇಲೆ ಎರಡು ಚಿನ್ನದ ಕಣಗಳನ್ನು ಎದುರುಬದುರು ಕೂರಿಸಿ, ನಡುವಣ ಸಂದಿಯಲ್ಲಿ ಬಣ್ಣಕವಿಟ್ಟು 117 ಪಟ್ಟಿನವರೆಗೆ ಹೊಳಪು ಹೆಚ್ಚಿಸಿದ ಪ್ರಯೋಗವನ್ನು ಜರ್ಮನಿಯ ಫಿಲಿಪ್ ಟಿನ್ನೆಫೆಲ್ಡ್ ತಂಡ 2012ರಲ್ಲಿ ಪ್ರಕಟಿಸಿತು. ಆ ಕಿರಿದಾದ ಸಂದಿಯೊಳಗೆ ಕಿಣ್ವವೂ ಹಿಡಿಸಬೇಕೆಂಬುದು ಬೇರೆಯೇ ಸವಾಲು.

ಬೆನ್ ಝೋಂಗ್ ಟಾಂಗ್ ನೇತೃತ್ವದಲ್ಲಿ ಹಾಂಗ್‌ಕಾಂಗ್‌ನಲ್ಲಿ 2001ರಲ್ಲಿ ವರದಿಯಾದ ವಿದ್ಯಮಾನ ಸಾಮಾನ್ಯ ಬಣ್ಣಕಗಳಿಗೆ ತದ್ವಿರುದ್ಧ. ಬಹುತೇಕ ಬಣ್ಣಕಗಳು ಗುಂಪುಗೂಡಿದಾಗ ಮಂಕಾಗುತ್ತವೆ. ಇವು ಕರಗಿರುವಾಗ ಮಂಕು, ಗುಂಪುಗೂಡಿದಾಗ ಪ್ರಖರ. ನೀರಿಗೆ ಒಲಿಯುವ ಪೆಪ್ಟೈಡನ್ನು ಇಂಥ ಅಣುವಿಗೆ ಕಟ್ಟಿ ಕರಗಿಸಿಟ್ಟರೆ, ಕಿಣ್ವ ಪೆಪ್ಟೈಡನ್ನು ಕತ್ತರಿಸಿದ ಮೇಲೆ ಉಳಿದ ಭಾಗ ಒಟ್ಟುಗೂಡಿ ಬೆಳಗುತ್ತದೆ. ಪ್ರತ್ಯೇಕ ಶಾಮಕ ಬೇಡ. ಸ್ಟ್ಯಾನ್‌ಫರ್ಡ್‌ನಲ್ಲಿ ಜಿಯಾಂಗ್‌ಹಾಂಗ್ ರಾವ್ ತಂಡ 2014ರಲ್ಲಿ ಇನ್ನೊಂದು ಬಗೆಯ ಕೂಡುವಿಕೆಯನ್ನು ಬಳಸಿತು. ಮಿಂಚುಹುಳುವಿನ ಲೂಸಿಫೆರಿನ್ ರಾಸಾಯನಿಕತೆಯಿಂದ ಪಡೆದ ಕ್ರಿಯೆಯೊಂದರ ಮೂಲಕ, ಕ್ಯಾಸ್ಪೇಸ್ ಕತ್ತರಿಸಿದ ಸಣ್ಣ ಅಣುಗಳು ಸಾಯುತ್ತಿರುವ ಕೋಶದೊಳಗೇ ನ್ಯಾನೋಕಣಗಳಾಗಿ ಕಟ್ಟಿಕೊಂಡವು. ಇದರ ಗುಣ ಹೊಳಪಿಗಿಂತ ಉಳಿಕೆಯಲ್ಲಿದೆ. ಕತ್ತರಿಸಿದ ಬಣ್ಣಕ ರಕ್ತದೊಡನೆ ಹರಿದುಹೋದರೆ ಎಷ್ಟು ಬೆಳಗಿದರೂ ವ್ಯರ್ಥ. ಕಣವಾದರೆ ಅದು ಅಲ್ಲೇ ನಿಲ್ಲುತ್ತದೆ.

ಎಲ್ಲಕ್ಕಿಂತ ಹಳೆಯದು ಜಾಗವನ್ನೇ ಕುಗ್ಗಿಸುವ ಉಪಾಯ. ಬೋರಿಸ್ ರೋಟ್‌ಮನ್ 1961ರಲ್ಲೇ ಎಣ್ಣೆಯಲ್ಲಿ ತೇಲುವ ಸೂಕ್ಷ್ಮ ಹನಿಗಳೊಳಗೆ ಬೀಟಾ-ಗ್ಯಾಲಕ್ಟೊಸಿಡೇಸ್ ಕಿಣ್ವದ ಒಂದೊಂದೇ ಅಣುವಿನ ಕೆಲಸವನ್ನು ಪ್ರತಿದೀಪ್ತಿಯಿಂದ ಅಳೆದರು. 50 ಫೆಮ್ಟೊಲೀಟರಿನ ಕುಳಿಯೊಳಗೆ ಒಂದು ಕಿಣ್ವಾಣು ಸಿಕ್ಕರೆ ಅಲ್ಲಿ ಅದರ ಸಾಂದ್ರತೆ 33 ಪಿಕೊಮೋಲಾರ್. ಸೆಕೆಂಡಿಗೆ 100 ಬಾರಿ ಕೆಲಸ ಮಾಡಿದರೆ ಒಂದು ನಿಮಿಷದಲ್ಲಿ 6000 ದೀಪ್ತ ಅಣುಗಳು, ಅಂದರೆ 0.2 ಮೈಕ್ರೊಮೋಲಾರ್, ಅಲ್ಲೇ ಸೇರುತ್ತವೆ. ಡೇವಿಡ್ ವಾಲ್ಟ್ ಮತ್ತು ಸಂಗಡಿಗರು ಇಂಥ ಸಾವಿರಾರು ಕುಳಿಗಳಲ್ಲಿ ಎಷ್ಟು ಬೆಳಗಿವೆ ಎಂದು ಎಣಿಸುವ ವಿಧಾನವನ್ನು 2010ರಲ್ಲಿ ಪ್ರೋಟೀನ್ ಪರೀಕ್ಷೆಗೆ ಒಯ್ದರು.

ದೇಹದೊಳಗೆ

ಬಫರ್ ದ್ರಾವಣದಲ್ಲಿ ಅಚ್ಚುಕಟ್ಟಾಗಿ ನಡೆದದ್ದು ರಕ್ತದಲ್ಲಿ ಹಾಗೆಯೇ ನಡೆಯುವುದಿಲ್ಲ. ಕಣವನ್ನು ರಕ್ತಕ್ಕೆ ಸೇರಿಸಿದ ಕೆಲವೇ ಕ್ಷಣಗಳಲ್ಲಿ ಪ್ರೋಟೀನುಗಳು ಅದರ ಸುತ್ತ ಹೊದಿಕೆಯಾಗಿ ಕೂಡುತ್ತವೆ, ಪೆಪ್ಟೈಡನ್ನು ಮರೆಮಾಡುತ್ತವೆ. ಪಾಲಿಎಥಿಲೀನ್ ಗ್ಲೈಕಾಲ್ ಅಥವಾ ಧನ ಮತ್ತು ಋಣ ಎರಡೂ ಆವೇಶಗಳಿರುವ ಹೊದಿಕೆಗಳು ಇದನ್ನು ತಗ್ಗಿಸುತ್ತವೆ, ಪೂರ್ತಿ ತಡೆಯುವುದಿಲ್ಲ. ಇನ್ನೊಂದು ಮೋಸದ ಮೂಲ ರಕ್ತದ ಆಲ್ಫಾ-2-ಮ್ಯಾಕ್ರೊಗ್ಲೋಬ್ಯುಲಿನ್. ಅದು ಪ್ರೋಟಿಯೇಸನ್ನು ಪಂಜರದೊಳಗೆ ಹಿಡಿದಿಡುತ್ತದೆ, ಆದರೆ ಕತ್ತರಿಸುವ ಸಂದಿಯನ್ನು ಮುಚ್ಚುವುದಿಲ್ಲ. ಚಿಕ್ಕ ಪೆಪ್ಟೈಡುಗಳು ಪಂಜರದೊಳಕ್ಕೆ ನುಸುಳಿ ಕತ್ತರಿಸಿಕೊಳ್ಳುತ್ತವೆ. ದೇಹದ ದೃಷ್ಟಿಯಿಂದ ನಿಷ್ಕ್ರಿಯವಾದ ಕಿಣ್ವ ಪರೀಕ್ಷೆಯಲ್ಲಿ ಸಕ್ರಿಯವೆಂದು ಕಾಣುತ್ತದೆ. ದೊಡ್ಡ ಕಣಕ್ಕೆ ಕಟ್ಟಿದ ಪೆಪ್ಟೈಡ್ ಪಂಜರದೊಳಗೆ ಹೋಗುವುದು ಕಷ್ಟವಾದ್ದರಿಂದ ಇಲ್ಲಿ ನ್ಯಾನೋಕಣದ ಗಾತ್ರ ನೆರವಿಗೆ ಬರಬಲ್ಲದು.

ಮೂತ್ರಪಿಂಡದ ಮೂಲಕ ಹೊರಹೋಗಬೇಕಾದರೆ ಕಣದ ವ್ಯಾಸ ದ್ರಾವಣದಲ್ಲಿ 5.5 ನ್ಯಾನೋಮೀಟರಿಗಿಂತ ಕಡಿಮೆಯಿರಬೇಕೆಂದು 2007ರ ಅಧ್ಯಯನವೊಂದು ಕ್ವಾಂಟಮ್ ಚುಕ್ಕೆಗಳಲ್ಲಿ ತೋರಿಸಿತು. ಕ್ಯಾಡ್ಮಿಯಮ್ ಇರುವ ಕಣಗಳಿಗೆ ಇದು ಸುರಕ್ಷತೆಯ ಪ್ರಶ್ನೆ. ಎಂಐಟಿಯ ಸಂಗೀತಾ ಭಾಟಿಯಾ ಇದೇ ಮೂತ್ರಪಿಂಡದ ಜರಡಿಯನ್ನು ಮಾಪನದ ಭಾಗವಾಗಿಸಿಕೊಂಡರು. ದೊಡ್ಡ ಕಣದ ಮೇಲಿನ ಪೆಪ್ಟೈಡುಗಳು ಗಡ್ಡೆಯಲ್ಲಿ ಕತ್ತರಿಸಿಹೋದಾಗ ತುಣುಕುಗಳು ಮಾತ್ರ ಜರಡಿಯ ಮೂಲಕ ಇಳಿದು ಮೂತ್ರದಲ್ಲಿ ಶೇಖರವಾಗುತ್ತವೆ. ಅವರ ತಂಡ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಮಾಲಿ ಸ್ಟೀವನ್ಸ್ ತಂಡದೊಡನೆ 2019ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಹೊರಬರುವ ತುಣುಕು ಚಿನ್ನದ ಪುಟ್ಟ ಗುಚ್ಛ; ಅದೇ ವೇಗವರ್ಧಕವಾಗಿ ವರ್ತಿಸಿ ಇಲಿಗಳ ಮೂತ್ರದ ಮಾದರಿಯಲ್ಲಿ ಬರಿಗಣ್ಣಿಗೆ ಕಾಣುವ ಬಣ್ಣ ಮೂಡಿಸಿತು. ಅಲ್ಲಿ ಪ್ರತಿದೀಪ್ತಿಯೇ ಬೇಕಾಗಲಿಲ್ಲ.

ಮನುಷ್ಯರ ಚಿಕಿತ್ಸೆಗೆ ತಲುಪಿದ್ದು ನ್ಯಾನೋಕಣವಲ್ಲ, ಅದೇ ತತ್ವದ ಅಣು. ಪೆಗುಲಿಸಿಯಾನಿನ್ ಎಂಬ ಶೋಧಕ ಕ್ಯಾಥೆಪ್ಸಿನ್ ಮೊದಲಾದ ಕಿಣ್ವಗಳು ಕತ್ತರಿಸಿದಾಗ ಬೆಳಗುತ್ತದೆ; ಸ್ತನದ ಗಡ್ಡೆ ತೆಗೆದ ಮೇಲೆ ಗುಳಿಯಲ್ಲಿ ಕ್ಯಾನ್ಸರ್ ಉಳಿದಿದೆಯೇ ಎಂದು ಶಸ್ತ್ರಚಿಕಿತ್ಸಕರು ಅಲ್ಲೇ ನೋಡಲು ಇದು ನೆರವಾಗುತ್ತದೆ. ಪ್ರಯೋಗದಲ್ಲಿ 357 ಮಹಿಳೆಯರ ಪೈಕಿ 27 ಮಂದಿಯಲ್ಲಿ, ರೂಢಿಯ ಶಸ್ತ್ರಚಿಕಿತ್ಸೆ ಬಿಟ್ಟುಹೋಗಿದ್ದ ಗಡ್ಡೆಯ ಭಾಗ ಇದರಿಂದ ಸಿಕ್ಕಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಅನುಮತಿ ನೀಡಿತು, ತೀವ್ರ ಅಲರ್ಜಿಯ ಎಚ್ಚರಿಕೆಯೊಂದಿಗೆ.

ಜೀವಕೋಶದೊಳಗಿನ ಅಂಗಕಗಳ ಮಟ್ಟದಲ್ಲಿ ಅಳೆಯುವ ಕೆಲಸಕ್ಕೆ ಬೆಂಗಳೂರಿನ ನಂಟಿದೆ. ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ ಯಮುನಾ ಕೃಷ್ಣನ್ ತಂಡ 2009ರಲ್ಲಿ ಫ್ರೆಟ್ ಆಧಾರಿತ ಡಿಎನ್‌ಎ ಯಂತ್ರದಿಂದ ಜೀವಂತ ಕೋಶದೊಳಗಿನ ಆಮ್ಲೀಯತೆಯನ್ನು ನಕ್ಷೆಮಾಡಿತು. ಅವರು ಷಿಕಾಗೋಗೆ ತೆರಳಿದ ಬಳಿಕ, 2019ರಲ್ಲಿ, ಅದೇ ಮಾದರಿಯ ಡಿಎನ್‌ಎ ಸಾಧನಗಳು ಅಂಗಕಗಳೊಳಗಿನ ಕಿಣ್ವಚಟುವಟಿಕೆಯನ್ನು ನಕ್ಷೆಮಾಡಿದವು. ಡಿಎನ್‌ಎ ಚೌಕಟ್ಟಿನಲ್ಲಿ ಪ್ರತಿ ಬಣ್ಣಕದ ಸಂಖ್ಯೆ ಮತ್ತು ಸ್ಥಾನ ಖಚಿತವಾಗಿರುವುದರಿಂದ ಒಂದನ್ನು ಬದಲಾಗದ ಹೋಲಿಕೆಯ ಬಣ್ಣವಾಗಿ ಇಟ್ಟುಕೊಳ್ಳಬಹುದು. ಎರಡು ಬಣ್ಣಗಳ ಅನುಪಾತವನ್ನು ನೋಡಿದಾಗ, ಕೋಶವೊಂದು ಎಷ್ಟು ಶೋಧಕವನ್ನು ನುಂಗಿತು ಎಂಬ ಏರುಪೇರು ಲೆಕ್ಕದಿಂದ ಹೊರಬೀಳುತ್ತದೆ.

ಅಳತೆಯ ಶಿಸ್ತು

ಪತ್ತೆಯ ಮಿತಿಯನ್ನು ಸಾಮಾನ್ಯವಾಗಿ ಕಿಣ್ವವಿಲ್ಲದ ಮಾದರಿಯ ಏರುಪೇರಿನ ಮೂರು ಪಟ್ಟನ್ನು ಅಳತೆರೇಖೆಯ ಇಳಿಜಾರಿನಿಂದ ಭಾಗಿಸಿ ಹೇಳುತ್ತಾರೆ. ಕಿಣ್ವದ ವಿಷಯದಲ್ಲಿ ಈ ಸಂಖ್ಯೆಯೊಂದೇ ಪೂರ್ತಿ ಕಥೆ ಹೇಳುವುದಿಲ್ಲ, ಏಕೆಂದರೆ ಹೆಚ್ಚು ಹೊತ್ತು ಕಾದರೆ ಮಿತಿ ತಾನಾಗಿ ಕೆಳಗಿಳಿಯುತ್ತದೆ. ಹತ್ತು ನಿಮಿಷದ ಮಿತಿಯನ್ನೂ ಹತ್ತು ಗಂಟೆಯ ಮಿತಿಯನ್ನೂ ಒಂದೇ ಪಟ್ಟಿಯಲ್ಲಿಟ್ಟು ಹೋಲಿಸುವುದು ಅನ್ಯಾಯ. ಕಾದ ಅವಧಿ, ಉಷ್ಣತೆ, ಆಮ್ಲೀಯತೆ, ಶೋಧಕದ ಸಾಂದ್ರತೆ, ಕಿಣ್ವವನ್ನು ಚಟುವಟಿಕೆಯ ಯೂನಿಟ್‌ನಲ್ಲಿ ಹೇಳಿದೆಯೇ ತೂಕದಲ್ಲೇ, ಬಫರಿನಲ್ಲಿ ಅಳೆದದ್ದೇ ಸೀರಮ್‌ನಲ್ಲೇ ಎಂಬುದೆಲ್ಲ ಜೊತೆಗೆ ಬರಬೇಕು. ಶೋಧಕದ ಸಾಂದ್ರತೆ ಹೆಚ್ಚಾದಾಗ ಅದೇ ತನ್ನ ಬೆಳಕನ್ನು ಹೀರಿಕೊಳ್ಳುವುದುಂಟು. ಆ ಇಳಿಕೆಯನ್ನು ಶಕ್ತಿವರ್ಗಾವಣೆಯೆಂದು ತಪ್ಪಾಗಿ ಓದಿದ ಸಂದರ್ಭಗಳೂ ಇವೆ.

ಕಿಣ್ವವನ್ನು ತಡೆಯುವ ಔಷಧ ಸೇರಿಸಿದಾಗ ಬೆಳಕು ನಿಲ್ಲುತ್ತದೆಯೇ, ಕತ್ತರಿಸುವ ಜಾಗದಲ್ಲಿ ಅಮೈನೋ ಆಮ್ಲ ಬದಲಿಸಿದ ಪೆಪ್ಟೈಡ್ ಕತ್ತಲಾಗಿಯೇ ಉಳಿಯುತ್ತದೆಯೇ ಎಂಬ ಎರಡು ಪರೀಕ್ಷೆಗಳು ಯಾವ ಹೊಸ ಶೋಧಕಕ್ಕೂ ಕಡ್ಡಾಯವಾಗಬೇಕು. ಕಣಗಳು ದಾಸ್ತಾನಿನಲ್ಲಿ ತಿಂಗಳುಗಟ್ಟಲೆ ಇದ್ದಾಗ ಬಣ್ಣಕ ತಾನಾಗಿ ಕಳಚುವುದನ್ನೂ ಅಳೆದಿಡಬೇಕು. ಪರೀಕ್ಷಾಲಯದಿಂದ ಆಸ್ಪತ್ರೆಗೆ ಸಾಗುವ ಹಾದಿಯಲ್ಲಿ ಆ ಸೋರಿಕೆಯೇ ಉಳಿಕೆ ಹೊಳಪಾಗಿ, ಗಳಿಸಿದ್ದ ಸೂಕ್ಷ್ಮತೆಯನ್ನು ಕಸಿದುಕೊಳ್ಳುತ್ತದೆ.